ಸರ್ಪಸುತ್ತು ಯಾರಿಂದಲೋ ಅಂಟಿದ್ದಾ?

ಪ್ರಶ್ನೆ: ನನಗೆ 48 ವರ್ಷ. ಅಮ್ಮನಿಗೆ ಹುಷಾರಿಲ್ಲದೆ ಎರಡು ತಿಂಗಳು ನಾನೇ ನೋಡಿಕೊಂಡೆ, ನಿದ್ದೆಯೇ ಇರಲಿಲ್ಲ. ಹೋದ ವಾರ ಎಡಪಕ್ಕೆಯಲ್ಲಿ ಉರಿ ಶುರುವಾಗಿ, ಎರಡು ದಿನದ ಮೇಲೆ ನೀರುಗುಳ್ಳೆ ಎದ್ದವು. ಡಾಕ್ಟರು ಸರ್ಪಸುತ್ತು ಅಂತ ಹೇಳಿ ಮಾತ್ರೆ ಕೊಟ್ಟಿದ್ದಾರೆ. ಇದು ಯಾರಿಂದ ಬಂತು? ಟೆನ್ಷನ್‌ನಿಂದ ಹೀಗಾಗುತ್ತಾ? ತಂಗಿ ಗರ್ಭಿಣಿ, ಮನೆಗೆ ಬರಬಹುದಾ?

ಉತ್ತರ: ಯಾರಿಂದಲೂ ಬಂದಿಲ್ಲ, ನಿಮ್ಮೊಳಗೇ ಇತ್ತು. ಚಿಕ್ಕವರಿದ್ದಾಗ ಚಿಕನ್‌ಪಾಕ್ಸ್ ಬಂದಿತ್ತು ಅಲ್ವಾ? ಗುಳ್ಳೆ ಒಣಗಿದರೂ ಆ ವೈರಸ್ ಹೋಗುವುದಿಲ್ಲ. ನರದ ದಾರಿ ಹಿಡಿದು ಬೆನ್ನುಹುರಿಯ ಪಕ್ಕದ ನರಗಂಟುಗಳಿಗೆ ಹೋಗಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ. ರಕ್ತದಲ್ಲಿರುವ ಟಿ ಕಣಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಅದನ್ನು ಏಳದಂತೆ ಕಾಯುತ್ತಿರುತ್ತವೆ. ವಯಸ್ಸು 50 ದಾಟಿದಾಗ, ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ, ಸ್ಟೀರಾಯ್ಡ್ ಜಾಸ್ತಿ ದಿನ ತೆಗೆದುಕೊಂಡಾಗ ಈ ಕಾವಲು ಸಡಿಲವಾಗುತ್ತದೆ. ಒತ್ತಡ ತಿಂಗಳುಗಟ್ಟಲೆ ಎಳೆದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರಿ ಅದೇ ಕಣಗಳ ಚುರುಕು ತಗ್ಗುತ್ತದೆ. ಒಳ್ಳೆಯ ಆರೋಗ್ಯ ಇರುವವರನ್ನೇ ಆರಿಸಿ ಕಳಿಸುವ ಗಗನಯಾತ್ರಿಗಳ ಎಂಜಲಲ್ಲೂ ಹಾರಾಟದ ದಿನಗಳಲ್ಲಿ ಈ ಜಾತಿಯ ವೈರಸ್‌ಗಳು ಎದ್ದದ್ದು ಕಂಡಿದೆ. ಹಾಗಂತ ಒತ್ತಡ ಇದ್ದವರಿಗೆಲ್ಲ ಬರುತ್ತದೆ ಅಂತಲ್ಲ. ನಿಮ್ಮ ವಿಷಯದಲ್ಲಿ ನಿದ್ದೆಗೆಟ್ಟದ್ದೂ ಸೇರಿಕೊಂಡಿರಬಹುದು, ಆದರೆ ಅಮ್ಮನನ್ನು ನೋಡಿಕೊಂಡಿದ್ದಕ್ಕೇ ಹೀಗಾಯಿತು ಅಂತ ದಯವಿಟ್ಟು ಕೊರಗಬೇಡಿ.

ಎದ್ದ ವೈರಸ್ ಬಂದ ನರದಲ್ಲೇ ವಾಪಸ್ ಚರ್ಮಕ್ಕೆ ಇಳಿಯುತ್ತದೆ. ಮೊದಲು ಉರಿ, ಆಮೇಲೆ ಗುಳ್ಳೆ, ಅದೂ ಒಂದೇ ಕಡೆ ಪಟ್ಟಿಯ ಹಾಗೆ ಬರುವುದು ಇದಕ್ಕೇ. ಜ್ವರ ಬಂದಾಗಲೆಲ್ಲ ಕೆಲವರಿಗೆ ತುಟಿಯಂಚಲ್ಲಿ ಏಳುವ ಗುಳ್ಳೆಯೂ ಇಂಥದ್ದೇ ಕಥೆ, ವೈರಸ್ ಬೇರೆ ಅಷ್ಟೆ.

ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಗುಳ್ಳೆ ಕಂಡ 72 ಗಂಟೆಯೊಳಗೆ ಶುರುಮಾಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನೀವು ಬೇಗ ಹೋಗಿದ್ದು ಒಳ್ಳೆಯದಾಯಿತು. ಹಣೆ, ಮೂಗಿನ ತುದಿ, ಕಣ್ಣಿನ ಹತ್ತಿರ ಗುಳ್ಳೆ ಬಂದರೆ ಮಾತ್ರ ಯಾರೇ ಆಗಲಿ ಅವತ್ತೇ ಡಾಕ್ಟರನ್ನು ಕಾಣಬೇಕು, ದೃಷ್ಟಿಗೇ ಪೆಟ್ಟಾಗಬಹುದು. ಗುಳ್ಳೆ ಮಾಯ್ದ ಮೇಲೂ ನೋವು ಉಳಿದರೆ ಸಹಿಸಿಕೊಂಡು ಕೂರಬೇಡಿ, ನರದ ನೋವಿಗೆ ಬೇರೆ ಔಷಧಿ ಇದೆ.

ತಂಗಿಗೆ ಚಿಕನ್‌ಪಾಕ್ಸ್ ಮೊದಲೇ ಬಂದಿದ್ದರೆ, ಅಥವಾ ಅದರ ಲಸಿಕೆ ಆಗಿದ್ದರೆ ಹೆದರಿಕೆ ಇಲ್ಲ. ಎರಡೂ ಇಲ್ಲದಿದ್ದರೆ ಗುಳ್ಳೆಯ ನೀರು ತಾಗಿ ಅವರಿಗೆ ಚಿಕನ್‌ಪಾಕ್ಸ್ ಬರಬಹುದು. ಎಲ್ಲ ಗುಳ್ಳೆಗಳೂ ಹಕ್ಕಳೆ ಕಟ್ಟುವವರೆಗೆ ಅವರು ಬರುವುದು ಬೇಡ. ಈಗಾಗಲೇ ಬಂದು ಹೋಗಿದ್ದರೆ ಅವರ ಡಾಕ್ಟರಿಗೆ ಇವತ್ತೇ ತಿಳಿಸಿ.