ಕಂಪನಿ ಶಾಲೆ ಕಟ್ಟಿಸಿಕೊಟ್ಟರೆ ಊರಿನ ಬಾಕಿ ತೀರಿತಾ?

ಪರೀಕ್ಷೆಗೆ, ಪ್ರಾಜೆಕ್ಟ್‌ಗೆ ಓದುತ್ತಿರುವ ನೀವು ಕೇಳಿದ್ದು ಎರಡು. ಸ್ಟೇಕ್‌ಹೋಲ್ಡರ್ ಥಿಯರಿಯೂ (ಕಂಪನಿಯ ಕೆಲಸ ತಟ್ಟುವವರೆಲ್ಲರಿಗೂ ಅದು ಹೊಣೆ ಎನ್ನುವ ವಾದ) ಸಿಎಸ್‌ಆರೂ (ಕಾರ್ಪೊರೇಟ್ ಸಾಮಾಜಿಕ ಹೊಣೆ ಅಂತ ಕಂಪನಿ ಮಾಡುವ ಖರ್ಚು) ಒಂದೇನಾ? ನಮ್ಮ ಕರಾವಳಿಗೆ ಬರುವ ಕಂಪನಿ ಊರಿಗೊಂದು ಶಾಲೆ, ಒಂದು ಆಂಬುಲೆನ್ಸ್ ಕೊಟ್ಟರೆ ಅದರ ಜವಾಬ್ದಾರಿ ಮುಗಿಯಿತಾ? ಎರಡಕ್ಕೂ ನನ್ನ ಉತ್ತರ ಇಲ್ಲ ಅಂತಲೇ. ನಾನು ಕಾರವಾರದಲ್ಲಿ ಆಡಿಟರ್ ಆಫೀಸಿನಲ್ಲಿ ಲೆಕ್ಕ ನೋಡುವವನು. ಥಿಯರಿಗಿಂತ ಕಾಯ್ದೆ ಜಾಸ್ತಿ ಗೊತ್ತು, ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ನಮ್ಮಲ್ಲಿ ಸಿಎಸ್‌ಆರ್ ಕಡ್ಡಾಯವಾಗಿದ್ದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ನಿಂದ. ನೆಟ್‌ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಇದರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಸುತ್ತಮುತ್ತಲ ಊರುಗಳಿಗೆ ಆದ್ಯತೆ ಕೊಡಿ ಎಂದೂ ಅದರಲ್ಲಿದೆ.

ಯಾವುದು ಸಿಎಸ್‌ಆರ್ ಅಲ್ಲ ಎಂದೂ ನಿಯಮಗಳು ಹೇಳುತ್ತವೆ. ಅದನ್ನು ಯಾರೂ ಓದುವುದಿಲ್ಲ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸ ಇದರ ಲೆಕ್ಕಕ್ಕೆ ಬರುವುದಿಲ್ಲ. ಕೊಳಚೆ ನೀರಿನ ಶುದ್ಧೀಕರಣ ಘಟಕ, ಜಾಗ ಕಳಕೊಂಡವರ ಪರಿಹಾರ, ಕೆಲಸಗಾರರ ಪಿಎಫ್ ಇವೆಲ್ಲ ಕೊಡಲೇಬೇಕಾದ ಬಾಕಿ. ಇವನ್ನೇ ವೇದಿಕೆ ಮೇಲೆ ಸಮಾಜಸೇವೆ ಅಂತ ಹೇಳಿಕೊಂಡರೆ ಸುಮ್ನೆ ಚಪ್ಪಾಳೆ ತಟ್ಟಬೇಡಿ.

ಇನ್ನೊಂದು ವಿಷಯ ಲೆಕ್ಕದವರ ಕಣ್ಣಿಗೆ ಬೇಗ ಬೀಳುತ್ತದೆ. ಶೇ 2 ಕಟ್ಟಿಹಾಕಿರುವುದು ಲಾಭಕ್ಕೆ. ಒಂದು ಬಂದರು ಕಟ್ಟಲಿಕ್ಕೆಂದೇ ಹೊಸ ಕಂಪನಿ ಶುರುವಾಯಿತು ಅಂದುಕೊಳ್ಳಿ. ಮೊದಲ ಕೆಲವು ವರ್ಷ ಬರೀ ಖರ್ಚು, ಲಾಭ ಸೊನ್ನೆ. ಸೊನ್ನೆಯ ಶೇ 2 ಎಷ್ಟು? ಆದರೆ ಹೂಳೆತ್ತುವುದು, ಅಲೆ ತಡೆಗೋಡೆಗೆ ಕಲ್ಲು ಸುರಿಯುವುದು, ಗುಡ್ಡದಿಂದ ಲಾರಿ ಓಡುವುದು ಎಲ್ಲ ಆ ವರ್ಷಗಳಲ್ಲೇ. ಊರಿಗೆ ಪೆಟ್ಟು ಬೀಳುವ ಹೊತ್ತಿಗೆ ಸಿಎಸ್‌ಆರ್ ಹುಟ್ಟಿಯೇ ಇರುವುದಿಲ್ಲ.

ಸ್ಟೇಕ್‌ಹೋಲ್ಡರ್ ಥಿಯರಿ ಲಾಭ ಬರುವ ತನಕ ಕಾಯುವುದಿಲ್ಲ. ಅಮೆರಿಕದ ಪ್ರಾಧ್ಯಾಪಕ ಎಡ್ವರ್ಡ್ ಫ್ರೀಮನ್ 1984ರಲ್ಲಿ ಇದನ್ನು ವಿವರವಾಗಿ ಮುಂದಿಟ್ಟರು. ಕಂಪನಿಯ ಕೆಲಸ ಯಾರಿಗೆ ತಟ್ಟುತ್ತದೋ, ಯಾರು ಆ ಕೆಲಸಕ್ಕೆ ನೆರವು ಅಥವಾ ಅಡ್ಡಿ ಆಗಬಲ್ಲರೋ ಅವರೆಲ್ಲರನ್ನೂ ತೀರ್ಮಾನ ಮಾಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವರ ವಾದ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲೇ ಇದಕ್ಕೆ ಉಲ್ಟಾ ಹೇಳಿದ್ದರು: ನಿಯಮದೊಳಗೆ ಲಾಭ ಮಾಡುವುದೇ ಕಂಪನಿಯ ಸಾಮಾಜಿಕ ಹೊಣೆ. ಪರೀಕ್ಷೆಗೆ ಇಬ್ಬರೂ ಬೇಕು, ಓದಿಕೊಳ್ಳಿ.

ನಮ್ಮ ಕಡೆ ಕಷ್ಟ ಇರುವುದು ‘ಯಾರಿಗೆ ತಟ್ಟುತ್ತದೆ’ ಎಂಬ ಪಟ್ಟಿಯಲ್ಲಿ. ಗದ್ದೆ ಇದ್ದವನಿಗೆ ಪಹಣಿ ಇದೆ, ಅವನಿಗೆ ನೋಟಿಸ್ ಬರುತ್ತದೆ. ದಂಡೆಯಲ್ಲಿ ತಾರ್ಲಿ, ಸಿಗಡಿ ಒಣಗಿಸುವ ಹೆಂಗಸರಿಗೆ ಏನಿದೆ? ಬೆಳಿಗ್ಗೆ ಮೀನು ಹರವಿ, ಮಧ್ಯಾಹ್ನ ಮಗುಚಿ, ಕಾಗೆ ನಾಯಿ ಕಾದು, ಸಂಜೆ ಬಾಚಿ ಬುಟ್ಟಿಗೆ ತುಂಬುವ ಆ ಮರಳಿಗೆ ಅವರ ಹೆಸರಲ್ಲಿ ಕಾಗದವೇ ಇಲ್ಲ. 2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬಂದರು ವಿಸ್ತರಣೆ ಬೇಡ ಎಂದು ಬೀದಿಗಿಳಿದಾಗ ಕೇಳಿದ್ದು ಶಾಲೆ ಕಟ್ಟಡವನ್ನಲ್ಲ. ಸೀಬರ್ಡ್ ನೌಕಾನೆಲೆಗೆ ಎಷ್ಟೋ ದಂಡೆ ಹೋಯಿತು, ಉಳಿದ ಟಾಗೋರ್ ಕಡಲತೀರವನ್ನಾದರೂ ಬಿಡಿ ಅಂತ. ಅದು ಸರ್ಕಾರದ ಯೋಜನೆ, ಕಂಪನಿಯದ್ದಲ್ಲ, ನಿಜ. ಪ್ರಶ್ನೆ ಮಾತ್ರ ಅದೇ ಅಲ್ವಾ?

ಸಹಕಾರಿ ಸಂಘವಾದರೆ ಈ ತಾಪತ್ರಯ ಇಲ್ಲ ಎನ್ನುವವರಿದ್ದಾರೆ. ಶಿರಸಿಯ ಅಡಿಕೆ ಸಂಘಗಳಲ್ಲಿ ಮಾಲು ತರುವವನೇ ಷೇರುದಾರ, ಮತ ಹಾಕುವವನೂ ಅವನೇ. ಒಳ್ಳೆಯ ಏರ್ಪಾಡು, ಒಪ್ಪಿದೆ. ಆದರೆ ಮರ ಹತ್ತುವ ಕೊನೆಗಾರ, ರಾತ್ರಿ ಕೂತು ಅಡಿಕೆ ಸುಲಿಯುವವರು? ಸ್ವಂತ ತೋಟ ಇಲ್ಲದಿದ್ದರೆ ಅವರಿಗೆ ಅಲ್ಲಿ ಮತವಿಲ್ಲ. ಫ್ರೀಮನ್ ಲೆಕ್ಕದಲ್ಲಿ ಅವರೂ ಸ್ಟೇಕ್‌ಹೋಲ್ಡರ್‌ಗಳೇ.

ಕಾನೂನಿನಲ್ಲಿ ಈ ಥಿಯರಿಗೆ ಜಾಗವೇ ಇಲ್ಲ ಅಂದುಕೊಳ್ಳಬೇಡಿ. ಅದೇ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ನಿರ್ದೇಶಕರ ಕರ್ತವ್ಯ ಹೇಳುವಾಗ ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ಎಲ್ಲವನ್ನೂ ಹೆಸರಿಸುತ್ತದೆ. ಆದರೆ ಶೇ 2ರ ಹಾಗೆ ಅಳತೆ ಇಲ್ಲ, ಅದಕ್ಕೇ ಹಿಡಿದು ಕೇಳುವುದು ಕಷ್ಟ.

ಕೈಗೆ ಸಿಗುವ ಹಿಡಿತ ಅಂದರೆ 2006ರ ಪರಿಸರ ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆ, ಅಂದರೆ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಜನರ ಮಾತು ಕೇಳುವ ಸಭೆ. ಅದಕ್ಕೆ ಕನಿಷ್ಠ 30 ದಿನ ಮೊದಲೇ ಪ್ರಕಟಣೆ ಕೊಡಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಸಭೆ ಮುಗಿಯುವಾಗ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಹೆಚ್ಚಿನವರು ಅಷ್ಟೊತ್ತಿಗೆ ಬಸ್ಸು ಹಿಡಿಯಲು ಹೊರಟಿರುತ್ತಾರೆ. ನೀವು ಕೂತಿರಿ.

ಪ್ರಾಜೆಕ್ಟ್ ಬರೆಯುವುದಾದರೆ ಒಂದು ಕಂಪನಿಯ ವಾರ್ಷಿಕ ವರದಿಯಲ್ಲಿರುವ ಸಿಎಸ್‌ಆರ್ ಪುಟವನ್ನೂ ಅದೇ ಕಂಪನಿಯ ಅಹವಾಲು ಸಭೆಯ ನಡಾವಳಿಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಜನ ಕೇಳಿದ್ದೇನು, ಸಿಕ್ಕಿದ್ದೇನು ಎಂದು ಸಾಲು ಸಾಲಾಗಿ ತಾಳೆ ನೋಡಿ. ಗೈಡ್ ಪುಸ್ತಕದ ವ್ಯಾಖ್ಯೆ ಬರೆಯುವುದಕ್ಕಿಂತ ಅದಕ್ಕೇ ಜಾಸ್ತಿ ಅಂಕ ಬರಬೇಕು.