ಒಳ್ಳೆಯ ಕ್ಯೂಬನ್ ಸ್ಯಾಂಡ್‌ವಿಚ್ ಬೇಕಾ? ಮೊದಲು ಬ್ರೆಡ್ ನೋಡಿ

ಪ್ರಶ್ನೆ: ಕೆಲಸದ ಮೇಲೆ ಫ್ಲಾರಿಡಾದ ಟ್ಯಾಂಪಾಗೆ ಬಂದು ನಾಲ್ಕು ತಿಂಗಳಾಯಿತು. ಇಲ್ಲಿ ಯಾರನ್ನು ಕೇಳಿದರೂ ಕ್ಯೂಬನ್ ಸ್ಯಾಂಡ್‌ವಿಚ್ ತಿಂದ್ರಾ ಅಂತಾರೆ. ಮೂರು ಕಡೆ ತಿಂದೆ. ಮೂರೂ ಕಡೆ ಮೆತ್ತಗಿನ ಬ್ರೆಡ್, ಒಳಗೆ ಹ್ಯಾಮ್, ಚೀಸ್, ಅಷ್ಟೇ. ಒಂದರಲ್ಲಿ ಸಲಾಮಿ (ಉಪ್ಪು, ಮಸಾಲೆ ಹಾಕಿ ಒಣಗಿಸಿದ ಮಾಂಸದ ತೆಳು ಬಿಲ್ಲೆ) ಇತ್ತು, ಉಳಿದ ಎರಡರಲ್ಲಿ ಇರಲಿಲ್ಲ. ಯಾವುದು ಸರಿ? ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ನೀವು ತಿಂದದ್ದು ಬಿಸಿ ಮಾಡಿದ ಹ್ಯಾಮ್ ಸ್ಯಾಂಡ್‌ವಿಚ್, ಅಷ್ಟೇ. ಬೇಜಾರಾಗಬೇಡಿ, ನಿಜವಾದ ಕ್ಯೂಬನ್ ಸ್ಯಾಂಡ್‌ವಿಚ್ ತಿನ್ನುವುದಕ್ಕೆ ನೀವಿರುವ ಊರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಒಳಗೆ ಏನಿದೆ ಅನ್ನುವುದನ್ನು ಆಮೇಲೆ ನೋಡಿ, ಮೊದಲು ಬ್ರೆಡ್. ಕ್ಯೂಬನ್ ಬ್ರೆಡ್ ಹೆಚ್ಚುಕಡಿಮೆ ಒಂದು ಗಜ ಉದ್ದ ಇರುತ್ತದೆ. ಮೇಲೆ ತೆಳ್ಳಗಿನ ಗರಿಗರಿ ಪದರ, ಒಳಗೆ ಹತ್ತಿಯಷ್ಟು ಹಗುರ. ಟ್ಯಾಂಪಾದ್ದೇ ಹಳೇ ಬಡಾವಣೆ ಈಬೋರ್ ಸಿಟಿಯಲ್ಲಿ 1915ರಿಂದ ನಡೆದುಕೊಂಡು ಬಂದಿರುವ ಲಾ ಸೆಗುಂಡಾ ಬೇಕರಿಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ನಾದಿದ ಹಿಟ್ಟನ್ನು ಉದ್ದಕ್ಕೆ ಹೊಸೆದು, ಮೇಲೆ ಪಾಲ್ಮೆಟ್ಟೊ ಅನ್ನುವ ಗಿಡ್ಡ ತಾಳೆಯ ಎಲೆಯ ಒಂದು ಸೀಳನ್ನಿಟ್ಟು ಒಲೆಗೆ ಹಾಕುತ್ತಾರೆ. ಬೇಯುವಾಗ ಎಲೆ ಇದ್ದ ಜಾಗದಲ್ಲೇ ಬ್ರೆಡ್ ನೆಟ್ಟಗೆ ಬಿರಿದುಕೊಳ್ಳುತ್ತದೆ. ಕೈಗೆ ಬರುವಾಗ ಆ ಎಲೆ ಒಣಗಿ ಇನ್ನೂ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಪಕ್ಕಕ್ಕಿಟ್ಟು ಬರೀ ಬ್ರೆಡ್ ಒಂದು ತುಂಡು ತಿನ್ನಿ. ಆಮೇಲೆ ಮೋಸ ಹೋಗುವುದಿಲ್ಲ. ಈ ಬ್ರೆಡ್ ಮಾರನೇ ದಿನಕ್ಕೇ ಗಟ್ಟಿಯಾಗುತ್ತದೆ, ಅದಕ್ಕೇ ಹೋಟೆಲಿನಲ್ಲಿ "ಬ್ರೆಡ್ ಎಲ್ಲಿಂದ ತರಿಸ್ತೀರಿ, ಇವತ್ತಿನದಾ?" ಅಂತ ಧೈರ್ಯವಾಗಿ ಕೇಳಿ.

ಎರಡನೆಯದು ಹಂದಿಮಾಂಸ. ಹ್ಯಾಮ್ ಒಂದೇ ಸಾಲದು, ಜೊತೆಗೆ ಹುರಿದ ಮಾಂಸವೂ ಇರಲೇಬೇಕು. ಹುಳಿ ಕಿತ್ತಳೆ ರಸ, ಬೆಳ್ಳುಳ್ಳಿ, ಜೀರಿಗೆ, ಒರಿಗ್ಯಾನೊ ಸೇರಿಸಿದ ಮೊಹೊ ಅನ್ನುವ ಮಸಾಲೆ ರಸದಲ್ಲಿ ನೆನೆಸಿ ನಿಧಾನಕ್ಕೆ ಬೇಯಿಸಿದ್ದು. ಬೆಳ್ಳುಳ್ಳಿ ಘಮ ಬರದಿದ್ದರೆ ಪ್ಯಾಕೆಟ್ಟಿನದು ಅಂತಲೇ ನನ್ನ ಅನುಮಾನ. ಮೇಲೆ ಸ್ವಿಸ್ ಚೀಸ್, ಪಿಕಲ್ (ನಮ್ಮ ಉಪ್ಪಿನಕಾಯಿ ಅಲ್ಲ, ಹುಳಿ ನೀರಿನಲ್ಲಿ ನೆನೆಸಿದ ಸೌತೆಕಾಯಿ), ಹಳದಿ ಮಸ್ಟರ್ಡ್. ಟೊಮೆಟೊ, ಲೆಟಿಸ್ ನನಗಂತೂ ಬೇಡ, ಬಿಸಿಗೆ ನೀರು ಬಿಟ್ಟು ಬ್ರೆಡ್ಡನ್ನು ಕೆಡಿಸುತ್ತವೆ.

ಆಮೇಲೆ ಒತ್ತುವುದು. ಸಪಾಟಾದ ಬಿಸಿ ಪ್ರೆಸ್ಸಿನಲ್ಲಿಟ್ಟು ಚೀಸ್ ಕರಗುವ ತನಕ ಅದುಮಬೇಕು. ಗೆರೆಗೆರೆ ಸುಟ್ಟ ಗುರುತಿದ್ದರೆ ಅದು ಬೇರೆ ಸ್ಯಾಂಡ್‌ವಿಚ್ಚಿಗೆ ಇಟ್ಟುಕೊಂಡ ಯಂತ್ರ. ಓರೆಯಾಗಿ ಕತ್ತರಿಸುವಾಗ ಕರಕರ ಸದ್ದು ಬರಬೇಕು. ಬಂದರೆ ಆ ಹೋಟೆಲನ್ನು ಬಿಡಬೇಡಿ.

ಸಲಾಮಿ ವಿಷಯ: ಟ್ಯಾಂಪಾದಲ್ಲಿ ಇರಬೇಕು, ಮಯಾಮಿಯಲ್ಲಿ ಇರುವುದಿಲ್ಲ. 1880ರ ದಶಕದಲ್ಲಿ ಈಬೋರ್ ಸಿಟಿಯಲ್ಲಿ ಸಿಗಾರ್ ಕಾರ್ಖಾನೆಗಳು ಶುರುವಾದ ಮೇಲೆ ಕ್ಯೂಬಾ, ಸ್ಪೇನ್, ಸಿಸಿಲಿಯಿಂದ ಬಂದವರು ಅಕ್ಕಪಕ್ಕದಲ್ಲೇ ಬದುಕಿದರು. ಸಲಾಮಿ ಬಂದದ್ದು ಆ ಇಟಲಿಯ ನೆರೆಹೊರೆಯಿಂದ ಅಂತ ಊರಿನವರು ಹೇಳುತ್ತಾರೆ. 2012ರಲ್ಲಿ ನಗರಸಭೆ ಇದನ್ನು ಊರಿನ ಸ್ಯಾಂಡ್‌ವಿಚ್ ಅಂತ ಘೋಷಿಸಿತು, ಸಲಾಮಿ ಸಮೇತ. ಮಯಾಮಿಯವರು ಇದನ್ನು ಒಪ್ಪುವುದೇ ಇಲ್ಲ. ಟ್ಯಾಂಪಾದಲ್ಲಿರುವಾಗ ಸಲಾಮಿ ಹಾಕಿದ್ದನ್ನೇ ತಿನ್ನಿ, ಅದರ ಉಪ್ಪು, ಮೆಣಸು ಪಿಕಲ್ ಜೊತೆ ಚೆನ್ನಾಗಿ ಕೂಡುತ್ತದೆ. ಶುರುಮಾಡಲು 1905ರ ಕೊಲಂಬಿಯಾ ರೆಸ್ಟೋರೆಂಟ್ ಇದೆ, ಅದೂ ಈಬೋರ್ ಸಿಟಿಯಲ್ಲೇ.

ಪ್ರಶ್ನೆ: ನಾನು ಸಸ್ಯಾಹಾರಿ. ಕ್ಯೂಬನ್ ಬ್ರೆಡ್ ಒಂದನ್ನೇ ಕಾಫಿ ಜೊತೆ ತಿನ್ನಬಹುದಲ್ವಾ?

ಉತ್ತರ: ಕೇಳದೆ ತಿನ್ನಬೇಡಿ. ಹಳೇ ಪದ್ಧತಿಯಲ್ಲಿ ಈ ಹಿಟ್ಟಿಗೆ ಹಂದಿಯ ಕೊಬ್ಬು, ಅಂದರೆ ಲಾರ್ಡ್ (lard), ಹಾಕುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಕೌಂಟರಿನಲ್ಲಿ "ಲಾರ್ಡ್ ಹಾಕಿದ್ದೀರಾ?" ಅಂತ ಆ ಪದವನ್ನೇ ಬಳಸಿ ಕೇಳಿ. ಸುಮ್ನೆ "ವೆಜಿಟೇರಿಯನ್ನಾ?" ಅಂದರೆ ಮಾಂಸದ ತುಂಡಿಲ್ಲ ಅಂದುಕೊಂಡು ಹೌದು ಅಂದುಬಿಡಬಹುದು.