ನೈವೇದ್ಯ ಇಟ್ಟವನೇ ತಿನ್ನಬಹುದಾ?

ಪ್ರಶ್ನೆ: ಮಗ ರಜೆಗೆ ಬಂದಿದ್ದಾನೆ. ಓದುವ ಮೇಜಿನ ಮೇಲೆ ನರಿ ಮುಖದ ಬೊಂಬೆ ಇಟ್ಟಿದ್ದಾನೆ. ಬೆಳಿಗ್ಗೆ ಅದರ ಮುಂದೆ ದೀಪ ಹಚ್ಚಿ ಬ್ರೆಡ್ಡು, ನೀರು ಇಡುತ್ತಾನೆ. ಸ್ವಲ್ಪ ಹೊತ್ತಿಗೆ ತಾನೇ ತಿನ್ನುತ್ತಾನೆ! ಕೇಳಿದರೆ ಪ್ರಾಚೀನ ಈಜಿಪ್ಟಿನ ಪೂಜೆ ಅನ್ನುತ್ತಾನೆ. ಹೀಗೂ ಉಂಟಾ ಅಕ್ಕ?
– ಓದುಗಿ, ವಿರಾಜಪೇಟೆ

ಉತ್ತರ: ಉಂಟು. ಬೊಂಬೆ ಅನುಬಿಸ್ ಇರಬೇಕು, ಸತ್ತವರನ್ನು ಕಾಯುವ ದೇವರು. ತಿಂದದ್ದಕ್ಕೆ ಮಾತ್ರ ಹುಡುಗನನ್ನು ಬೈಯಬೇಡಿ, ಕ್ರಮವೇ ಹಾಗೆ.

ಅಲ್ಲಿನ ಗುಡಿಗಳಲ್ಲಿ ಬೆಳಗಾಗುವಾಗ ಪೂಜಾರಿ ಗರ್ಭಗುಡಿ ಬಾಗಿಲಿನ ಮಣ್ಣಿನ ಮುದ್ರೆ ಒಡೆಯುತ್ತಿದ್ದ. ಹಾಡಿ ದೇವರನ್ನು ಎಬ್ಬಿಸಿ, ಹೊಸ ನಾರುಬಟ್ಟೆ ಉಡಿಸಿ, ಎಣ್ಣೆ ಹಚ್ಚಿ, ರೊಟ್ಟಿ, ಬಿಯರ್, ಮಾಂಸ ಬಡಿಸುತ್ತಿದ್ದ. ಹೊರಗೆ ಬರುವಾಗ ತನ್ನ ಹೆಜ್ಜೆಗುರುತನ್ನು ತಾನೇ ಗುಡಿಸಿಕೊಂಡು ಬರುತ್ತಿದ್ದ. ನನಗೆ ಇದೇ ಬಹಳ ಇಷ್ಟ. ದೇವರ ಊಟ ಮುಗಿದ ಮೇಲೆ ಅದೆಲ್ಲ ಪೂಜಾರಿಗಳ ಪಾಲಿಗೆ.

ನಮ್ಮಲ್ಲೇನು ಬೇರೆಯಾ? ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಅಜ್ಜಿ ಕಾರೋಣರಿಗೆ (ಗತಿಸಿದ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುತ್ತಿದ್ದರು. ಬಾಳೆಲೆಯಲ್ಲಿ ಕಡಂಬುಟ್ಟು, ಪಂದಿಕರಿ, ಪಕ್ಕದಲ್ಲಿ ಒಂದು ಲೋಟ ಬ್ರಾಂದಿ. ನಾನು ಬಾಗಿಲ ಸಂದಿಯಿಂದ ನೋಡಿ, 'ಪಂದಿಕರಿ ಒಂದು ತುಂಡೂ ಕಮ್ಮಿಯಾಗಿಲ್ಲ' ಅಂತ ದೂರು ಕೊಟ್ಟೆ. 'ಅವರು ಪರಿಮಳ ಉಂಡರು, ನೀನು ತುಂಡು ತಿನ್ನು' ಅಂದರು. ಲೋಟ ಮಾತ್ರ ದೊಡ್ಡಪ್ಪನಿಗೆ.

ಆದರೆ ಅಜ್ಜಿ ಇದನ್ನು ಅವರ ಅತ್ತೆಯನ್ನು ನೋಡಿ ಕಲಿತವರು. ಈಜಿಪ್ಟಿನಲ್ಲಿ ಆ ಎಳೆ ಕಡಿದುಹೋಯಿತು. ಅವರ ಚಿತ್ರಲಿಪಿಯ ಕೊನೆಯ ಶಾಸನ ಫಿಲೇ ದ್ವೀಪದ ಗುಡಿಯಲ್ಲಿದೆ, ಕ್ರಿ.ಶ. 394ರದ್ದು. ಆರನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಆ ಗುಡಿಯನ್ನೂ ಮುಚ್ಚಿಸಿದ. ಆಮೇಲೆ ಲಿಪಿ ಓದುವವರೇ ಇಲ್ಲ. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯನ್ ಅದರ ಗುಟ್ಟು ಬಿಡಿಸಿದ.

ಈಗ ಈ ಪೂಜೆ ಮಾಡುವವರು ತಮ್ಮನ್ನು ಕೆಮೆಟಿಕ್ ಅಂದುಕೊಳ್ಳುತ್ತಾರೆ. ಕೆಮೆಟ್ ಅಂದರೆ ಕಪ್ಪು ನೆಲ, ಈಜಿಪ್ಟಿನ ಹಳೇ ಹೆಸರು. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ತಮಾರಾ ಸಿಯುಡಾ ಎಂಬಾಕೆ ಶುರು ಮಾಡಿದ ಕೆಮೆಟಿಕ್ ಆರ್ಥೊಡಾಕ್ಸಿ ಇಂಥ ಪಂಗಡಗಳಲ್ಲಿ ಒಂದು. ಗೋಡೆಬರಹ, ಪಪೈರಸ್ ಸುರುಳಿಗಳಿಂದ ತಿಳಿದದ್ದನ್ನು ಇಟ್ಟುಕೊಂಡು ಹೊಸದಾಗಿ ಕಟ್ಟಿದ ಪೂಜೆ ಇದು. ಸುಳ್ಳು ಅನ್ನಲಾರೆ. ಸಾವಿರಾರು ವರ್ಷದಿಂದ ತಪ್ಪದೆ ನಡೆದು ಬಂದದ್ದು ಅಂತ ಮಗ ಹೇಳಿದರೆ ಮಾತ್ರ ಒಪ್ಪಬೇಡಿ.

ಇನ್ನೊಂದು. ಆ ಪೂಜಾರಿಗಳು ಮೈಯೆಲ್ಲ ಬೋಳಿಸಿಕೊಂಡು, ಮಿಂದೇ ಒಳಗೆ ಹೋಗಬೇಕಿತ್ತು. ನಿಮ್ಮವನು ದೀಪ ಹಚ್ಚುವ ಮೊದಲು ಸ್ನಾನವನ್ನಾದರೂ ಮಾಡುತ್ತಾನಾ? ಬ್ರೆಡ್ಡನ್ನೂ ಸುಮ್ನೆ ಜಾಸ್ತಿ ಹೊತ್ತು ಬಿಡಬೇಡ ಅನ್ನಿ. ನಮ್ಮ ಮಳೆಯಲ್ಲಿ ಮರುದಿನಕ್ಕೇ ಬೂಷ್ಟು.